ಪಾದಯಾತ್ರೆಗೆ ಮುನ್ನ ಪಾದದ ಪರೀಕ್ಷೆ

ಸಂಕ್ರಾಂತಿ ಮುಗಿಯಿತೆಂದರೆ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳ ದಾರಿಗಳಲ್ಲಿ ನಡೆದು ಹೋಗುವವರ ಸಾಲು ಶುರುವಾಗುತ್ತದೆ. ಭರತ ಹುಣ್ಣಿಮೆಯ ಸುಮಾರಿಗೆ ತುಂಗಭದ್ರೆ ದಾಟಿ ಮೈಲಾರಕ್ಕೆ ಕಾರಣಿಕ ಕೇಳಲು ಹೊರಟವರು ಕೆಲವರು. ಅದೇ ಹೊತ್ತಿಗೆ ಚಕ್ಕಡಿಯ ಹಿಂದೆ ಉಳವಿಯ ಹಾದಿ ಹಿಡಿದವರು ಕೆಲವರು. ಅಮಾವಾಸ್ಯೆಗೆ ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿಗೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ. ಕುಪ್ಪೇಲೂರಿನಂಥ ಊರುಗಳಲ್ಲಿ ಇಂಥ ಹರಕೆ ಹೊತ್ತವರು ಒಬ್ಬರಾದರೂ ಇಲ್ಲದ ಓಣಿ ಸಿಗುವುದು ಕಷ್ಟ.

ನಡಿಗೆ ಒಳ್ಳೆಯ ವ್ಯಾಯಾಮ. ಗುಂಪಿನಲ್ಲಿ ಭಜನೆ ಹೇಳುತ್ತ ನಡೆಯುವುದು ಮನಸ್ಸಿಗೂ ಹಿತ. ಆದರೆ ಜಾತ್ರೆ ಮುಗಿದ ವಾರ ಆಸ್ಪತ್ರೆಗೆ ಕುಂಟುತ್ತ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಕೀವು ತುಂಬಿದ ಬೊಬ್ಬೆ, ಬಾತ ಮೊಣಕಾಲು, ಉರಿಮೂತ್ರ ಇವೆಲ್ಲ ವಾಸಿಯಾಗುವಂಥವು. ಕಪ್ಪಾದ ಕಾಲ್ಬೆರಳು ಮತ್ತೆ ಬರುವುದಿಲ್ಲ. ಬಿಸಿಲ ಹೊಡೆತಕ್ಕೆ ಹೋದ ಜೀವವೂ ಬರುವುದಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಊರಲ್ಲಿದ್ದಾಗಲೇ ತಪ್ಪಿಸಬಹುದು. ಆದ್ದರಿಂದ ಹೊರಡುವವರೂ ಅವರನ್ನು ಕಳಿಸಿಕೊಡುವ ಮನೆಯವರೂ ಈ ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಬೇಕು.

ತಿಥಿಯ ಲೆಕ್ಕ

ಪಾದಯಾತ್ರಿಗಳ ಮೊದಲ ಶತ್ರು ದೂರವಲ್ಲ, ಅವಸರ. ಹುಣ್ಣಿಮೆ, ಯುಗಾದಿ ಯಾರಿಗೂ ಕಾಯುವುದಿಲ್ಲ. ಹೊಲದ ಕೆಲಸ ಮುಗಿಸಿ ತಡವಾಗಿ ಹೊರಟವರು ದಿನಕ್ಕೆ 40-50 ಕಿಲೋಮೀಟರ್ ನಡೆದು ತಿಥಿ ಹಿಡಿಯಲು ನೋಡುತ್ತಾರೆ. ಅನಾಹುತ ಅಲ್ಲಿಂದಲೇ ಶುರು.

ಸರಳ ಲೆಕ್ಕ ಹಾಕಿ. ನಮ್ಮ ಭಾಗದಿಂದ ಶ್ರೀಶೈಲಕ್ಕೆ 400 ಕಿಲೋಮೀಟರ್‌ಗೂ ಹೆಚ್ಚು. ಆರೋಗ್ಯವಂತ ವಯಸ್ಕರು ದಿನವೂ ಬಳಲದೆ ನಡೆಯಬಹುದಾದದ್ದು 20ರಿಂದ 25 ಕಿಲೋಮೀಟರ್. ಅಂದರೆ ಕನಿಷ್ಠ 16ರಿಂದ 20 ದಿನ ಬೇಕು. ನಡುವೆ ವಿಶ್ರಾಂತಿಗೆಂದು ಎರಡು ಮೂರು ದಿನ ಸೇರಿಸಿಕೊಳ್ಳಬೇಕು. ಹತ್ತೇ ದಿನ ಇಟ್ಟುಕೊಂಡು ಹೊರಟರೆ ದಿನಕ್ಕೆ 40 ಕಿಲೋಮೀಟರ್ ಮೀರುತ್ತದೆ. ಆಗ ಮಧ್ಯಾಹ್ನದ ಬಿಸಿಲಲ್ಲೂ ನಡೆಯಬೇಕು, ರಾತ್ರಿಯೂ ನಡೆಯಬೇಕು, ಬೊಬ್ಬೆ ಎದ್ದರೂ ನಿಲ್ಲುವಂತಿಲ್ಲ.

ಕ್ರೈಸ್ತರಲ್ಲೂ ಇಂಥ ಹಳೆಯ ಪಾದಯಾತ್ರೆಯಿದೆ. ಫ್ರಾನ್ಸಿನ ಲ ಪುಯಿ ಎಂಬ ಊರಿನಿಂದ ಹಳ್ಳಿಗಾಡಿನ ಮೂಲಕ ಹಾದು ಸ್ಪೇನಿನ ಸಾಂತಿಯಾಗೋ ಕ್ಷೇತ್ರ ಸೇರುವ ಆ ದಾರಿ ಸುಮಾರು 1500 ಕಿಲೋಮೀಟರ್. ಅಲ್ಲಿಯ ಯಾತ್ರಿಗಳೂ ಸಾಮಾನ್ಯವಾಗಿ ದಿನಕ್ಕೆ 20-25 ಕಿಲೋಮೀಟರ್ ನಡೆದು ಎರಡು ತಿಂಗಳ ಮೇಲೆ ತಲುಪುತ್ತಾರೆ. ರಜೆ ಸಾಲದವರು ಒಂದು ವರ್ಷ ನಿಲ್ಲಿಸಿದ ಊರಿನಿಂದಲೇ ಮರುವರ್ಷ ಮುಂದುವರಿಸುತ್ತಾರೆ. ಹಾಗೆ ಮಾಡಿದರೆ ಯಾತ್ರೆ ಕೆಟ್ಟಿತೆಂದು ಯಾರೂ ಎಣಿಸುವುದಿಲ್ಲ. ನಮ್ಮಲ್ಲೂ ದಿನ ಕಡಿಮೆ ಇದ್ದವರು ಅರ್ಧ ದಾರಿಯವರೆಗೆ ಬಸ್ಸು, ರೈಲಿನಲ್ಲಿ ಹೋಗಿ ಉಳಿದದ್ದನ್ನು ನಡೆದರೆ ತಪ್ಪೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಹೊಲದ ನಡಿಗೆ ಬೇರೆ, ದಾರಿಯ ನಡಿಗೆ ಬೇರೆ

'ಹೊಲದಾಗ ದಿನಾ ಅಡ್ಡಾಡ್ತೀವ್ರಿ ಡಾಕ್ಟರ, ನಮಗೇನಾಗ್ತೈತಿ?' ಎಂದು ಕೇಳುವವರು ಬಹಳ. ಹೊಲದಲ್ಲಿ ಮಣ್ಣು ಮೆತ್ತಗಿರುತ್ತದೆ. ನಡೆಯುತ್ತೀರಿ, ಬಾಗುತ್ತೀರಿ, ಬದುವಿನ ಮೇಲೆ ಕೂರುತ್ತೀರಿ. ಡಾಂಬರು ರಸ್ತೆಯಲ್ಲಿ ಏಳೆಂಟು ತಾಸು ಒಂದೇ ಬಗೆಯ ಹೆಜ್ಜೆ ಹಾಕಿದಾಗ ಪಾದದ ಅದೇ ಜಾಗಕ್ಕೆ ಸಾವಿರಾರು ಸಲ ಪೆಟ್ಟು ಬೀಳುತ್ತದೆ. ಅಂಗಡಿಯಲ್ಲಿ, ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ಮಾತು ಹೇಳುವುದೇ ಬೇಡ.

ಹೊರಡುವ ಆರು ವಾರ ಮೊದಲೇ ಅಭ್ಯಾಸ ಆರಂಭಿಸಿ. ಮೊದಲ ವಾರ ದಿನಕ್ಕೆ 3-4 ಕಿಲೋಮೀಟರ್ ಸಾಕು. ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿ. ಐದನೆಯ ವಾರದ ಹೊತ್ತಿಗೆ ವಾರಕ್ಕೊಮ್ಮೆ 15 ಕಿಲೋಮೀಟರ್ ನಡೆದು, ಮಾರನೆಯ ದಿನವೂ 10 ಕಿಲೋಮೀಟರ್ ನಡೆಯಲು ಸಾಧ್ಯವಾಗಬೇಕು. ಕಾಲಿಗೆ ನಿಜವಾದ ಪರೀಕ್ಷೆ ಆ ಮಾರನೆಯ ದಿನದ್ದು. ಯಾತ್ರೆಗೆ ಹಾಕಿಕೊಳ್ಳುವ ಪಾದರಕ್ಷೆಯಲ್ಲೇ, ಹೊರುವ ಚೀಲವನ್ನು ಹೊತ್ತೇ ನಡೆಯಿರಿ. ಚೀಲದ ತೂಕ ನಿಮ್ಮ ತೂಕದ ಹತ್ತನೆಯ ಒಂದು ಭಾಗ ಮೀರದಿರಲಿ. ಅಭ್ಯಾಸದ ವೇಳೆ ಎದೆ ಬಿಗಿದರೆ, ಮಿತಿಮೀರಿ ಏದುಸಿರು ಬಂದರೆ ವೈದ್ಯರನ್ನು ಕಾಣದೆ ಯಾತ್ರೆಗೆ ಹೊರಡಕೂಡದು. ಹೃದ್ರೋಗ, ರಕ್ತದೊತ್ತಡ, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಬರಿಗಾಲ ಹರಕೆ ಮತ್ತು ಸಕ್ಕರೆ ಕಾಯಿಲೆ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ. ಸಕ್ಕರೆ ಕಾಯಿಲೆ ಹಲವು ವರ್ಷ ಇದ್ದವರಲ್ಲಿ ಪಾದದ ನರಗಳು ಮಂದವಾಗುತ್ತವೆ. ಕೆಲವರಿಗೆ ಉರಿ, ಜುಮುಜುಮು ಇರುತ್ತದೆ. ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಜಾಲಿಮುಳ್ಳು ನಾಟಿದರೂ, ಡಾಂಬರು ಸುಟ್ಟರೂ ನೋವಿಲ್ಲ. 'ದೇವರ ದಯೆ, ಬರಿಗಾಲಲ್ಲಿ ನಡೆದರೂ ನೋವೇ ಆಗಲಿಲ್ಲ' ಎಂದು ಸಂತೋಷಪಡುವ ಸಕ್ಕರೆ ಕಾಯಿಲೆಯವರನ್ನು ಕಂಡರೆ ವೈದ್ಯರಿಗೆ ಭಯವಾಗುತ್ತದೆ. ನೋವು ಗೊತ್ತಾಗದ ಕಾಲಿನಲ್ಲಿ ಗಾಯ ದೊಡ್ಡದಾಗುತ್ತ ಹೋಗುತ್ತದೆ. ರಕ್ತಸಂಚಾರವೂ ಕಡಿಮೆಯಿದ್ದರೆ ಅದು ಕೊಳೆತು ಬೆರಳು, ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕಾಯಿಲೆಯವರು ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಲಿ. ಮನೆಯವರೊಬ್ಬರು ತೋರುಬೆರಳಿನ ತುದಿಯಿಂದ ಹೆಬ್ಬೆರಳು, ನಡುಬೆರಳು, ಕಿರುಬೆರಳು ಹೀಗೆ ಎರಡೂ ಕಾಲಿನ ಒಟ್ಟು ಆರು ಬೆರಳ ತುದಿಗಳನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರವಾಗಿ ಮುಟ್ಟಲಿ. ಒತ್ತಬಾರದು, ಚುಚ್ಚಬಾರದು, ಸವರಬಾರದು. ಮುಟ್ಟಿದಾಗಲೆಲ್ಲ 'ಬಲಗಾಲು', 'ಎಡಗಾಲು' ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿಯಬೇಕು. ಅಂಥವರು ವೈದ್ಯರಿಗೆ ಪಾದ ತೋರಿಸದೆ ದೂರದ ನಡಿಗೆಗೆ ಹೊರಡಲೇಬಾರದು.

ಪರೀಕ್ಷೆಯಲ್ಲಿ ಸರಿಯಾಗಿ ಹೇಳಿದರೂ ಸಕ್ಕರೆ ಕಾಯಿಲೆಯವರಿಗೆ ಬರಿಗಾಲ ನಡಿಗೆ ಬೇಡ. ಇದನ್ನು ಹಿರಿಯರಿಗೆ ಹೇಳುವುದು ಸುಲಭವಲ್ಲ. ತಾಯಿ ಮಗನ ಕಾಯಿಲೆ ವಾಸಿಯಾಗಲೆಂದು ಹೊತ್ತ ಹರಕೆಯನ್ನು 'ಬಿಟ್ಟುಬಿಡಿ' ಎಂದರೆ ಅವರ ಮನಸ್ಸು ನೋಯುತ್ತದೆ. ಬಿಡಿ ಎನ್ನುವ ಬದಲು ಬೇರೆ ದಾರಿ ತೋರಿಸಿ. ನಡಿಗೆ ಮೆತ್ತನೆಯ ಬೂಟಿನಲ್ಲಿ ಇರಲಿ. ಬರಿಗಾಲ ಸೇವೆ ಗುಡಿಯ ಒಳಗಿನ ತಂಪಾದ ನೆಲಕ್ಕೆ ಮಾತ್ರ ಇರಲಿ. ಮಧ್ಯಾಹ್ನ ಗುಡಿಯ ಅಂಗಳದ ಕಲ್ಲುಹಾಸು ಕೂಡ ಸುಡುತ್ತದೆ, ಆದ್ದರಿಂದ ದರ್ಶನ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಹರಕೆ ಹೇಗೆ ಒಪ್ಪಿಸಬೇಕೆಂಬ ಅಳುಕಿದ್ದರೆ ಮನೆತನದ ಸ್ವಾಮಿಗಳನ್ನೋ ಪೂಜಾರಿಯನ್ನೋ ಕೇಳಿ.

ಆರೋಗ್ಯವಂತರು ಬರಿಗಾಲಲ್ಲಿ ನಡೆಯುವುದಾದರೂ ಚೀಲದಲ್ಲಿ ಒಂದು ಜೊತೆ ಪಾದರಕ್ಷೆ ಇರಲಿ. ಬೆಳಗಿನ ತಂಪಿನಲ್ಲಿ ಬರಿಗಾಲು, ಬಿಸಿಲೇರಿದ ಮೇಲೆ ಪಾದರಕ್ಷೆ. ಧನುರ್ವಾಯು ಚುಚ್ಚುಮದ್ದು ಆಗಿ ಬಹಳ ವರ್ಷವಾಗಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ.

ಬೊಬ್ಬೆಯ ಸಂಗತಿ

ಬೊಬ್ಬೆ ಏಳುವುದು ಮೂರು ಸೇರಿದಾಗ: ತಿಕ್ಕಾಟ, ಬೆವರು, ಬಿಸಿ. ಹೊಸ ಬೂಟು ತಿಕ್ಕುತ್ತದೆ. ಹವಾಯಿ ಚಪ್ಪಲಿಯ ಬಾರು ಬೆರಳ ಸಂದನ್ನು ಕೊರೆಯುತ್ತದೆ. ಕನಿಷ್ಠ ಒಂದು ತಿಂಗಳು ಹಾಕಿ ಪಳಗಿಸಿದ ಬೂಟು ಅಥವಾ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ನಡೆದಾಗ ಪಾದ ಬಾತುಕೊಳ್ಳುತ್ತದೆ. ಆದ್ದರಿಂದ ಬೂಟನ್ನು ಸಂಜೆಯ ಹೊತ್ತು, ಅರ್ಧ ಅಳತೆ ದೊಡ್ಡದನ್ನೇ ಕೊಳ್ಳಿ. ಕಾಲುಚೀಲ ಮೂರು ಜೊತೆ ಇರಲಿ. ಒದ್ದೆಯಾದದ್ದನ್ನು ಮಧ್ಯಾಹ್ನ ಬದಲಿಸಿ. ಬರೀ ಹತ್ತಿಯದು ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಆಟಗಾರರು ಬಳಸುವ, ಬೇಗ ಒಣಗುವ ಬಗೆಯದು ಮೇಲು. ಬೆಳಿಗ್ಗೆ ಹೊರಡುವಾಗ ಬೆರಳ ಸಂದು, ಹಿಮ್ಮಡಿ, ತೊಡೆಸಂದಿಗೆ ವ್ಯಾಸಲೀನ್ ಸವರಿಕೊಳ್ಳಿ.

ಪಾದದಲ್ಲಿ ಒಂದೆಡೆ ಉರಿ ಕಂಡಕೂಡಲೇ ನಿಲ್ಲಿ. 'ಮುಂದಿನ ಊರಿನಲ್ಲಿ ನೋಡೋಣ' ಎನ್ನಬೇಡಿ. ಕಾಲು ಒರೆಸಿ ಒಣಗಿಸಿ, ಕೆಂಪಾದ ಜಾಗಕ್ಕೆ ಪ್ಲಾಸ್ಟರ್ ಪಟ್ಟಿ ಅಂಟಿಸಿ. ಈ ಐದು ನಿಮಿಷ ಮುಂದಿನ ಐದು ದಿನ ಉಳಿಸುತ್ತದೆ. ಬೊಬ್ಬೆ ಎದ್ದೇಬಿಟ್ಟರೆ ಚಿಕ್ಕದನ್ನು ಹಾಗೇ ಬಿಟ್ಟು ಪಟ್ಟಿ ಹಾಕಿ. ದೊಡ್ಡದಾಗಿ ಬಿಗಿದು ನೋಯುತ್ತಿದ್ದರೆ ಸೋಪು ನೀರಿನಿಂದ ತೊಳೆದು, ಔಷಧ ಅಂಗಡಿಯ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಬಿಡಬಹುದು; ಮೇಲಿನ ಚರ್ಮವನ್ನು ಕೀಳಬಾರದು, ಅದೇ ಒಳ್ಳೆಯ ಮುಚ್ಚಳ. ದಾರ ಪೋಣಿಸಿ ಬಿಡುವುದು, ಬೂದಿ, ಸುಣ್ಣ, ಚಹಾಪುಡಿ ಹಚ್ಚುವುದು ಬೇಡ. ಸಕ್ಕರೆ ಕಾಯಿಲೆಯವರು ಬೊಬ್ಬೆಯನ್ನು ತಾವೇ ಚುಚ್ಚಬಾರದು. ಪ್ರತಿದಿನ ಸಂಜೆ ಪಾದ ತೊಳೆದು, ಅಂಗಾಲನ್ನು ಜೊತೆಗಾರರಿಂದ ಬೆಳಕಿನಲ್ಲಿ ನೋಡಿಸಿಕೊಳ್ಳುವುದು ಎಲ್ಲರಿಗೂ ನಿಯಮವಾಗಲಿ.

ಬಿಸಿಲು ಮತ್ತು ನೀರು

ಮೈಲಾರದ ದಾರಿ ಒಂದೆರಡು ದಿನದ್ದು, ಕಾಲವೂ ಚಳಿ ಇಳಿಯುವ ಹೊತ್ತು. ಶ್ರೀಶೈಲದ್ದು ಹಾಗಲ್ಲ. ಯುಗಾದಿಗೆ ಮುಂಚಿನ ವಾರಗಳಲ್ಲಿ ಬಳ್ಳಾರಿ, ಕರ್ನೂಲು ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸದಲ್ಲ. ಬೆಳಗಿನ ನಾಲ್ಕೂವರೆ, ಐದಕ್ಕೆ ಹೊರಟು ಹತ್ತರೊಳಗೆ ದಿನದ ಹೆಚ್ಚಿನ ನಡಿಗೆ ಮುಗಿಸಿ. ಸಂಜೆ ನಾಲ್ಕರವರೆಗೆ ನೆರಳಿನಲ್ಲಿರಿ. ಆಮೇಲೆ ಕತ್ತಲಾಗುವವರೆಗೆ ನಡೆದರೆ 20-25 ಕಿಲೋಮೀಟರ್ ತಾನಾಗಿಯೇ ಆಗುತ್ತದೆ. ತೆಳು ಬಣ್ಣದ ಸಡಿಲ ಹತ್ತಿ ಬಟ್ಟೆ, ತಲೆಗೆ ಒದ್ದೆ ವಸ್ತ್ರ ಇರಲಿ.

ಬಾಯಾರಿಕೆಗೆ ಕಾಯದೆ, ನಡೆಯುವಾಗ 15-20 ನಿಮಿಷಕ್ಕೊಮ್ಮೆ ಕೆಲವು ಗುಟುಕು ನೀರು ಕುಡಿಯಿರಿ. ಬಿಸಿಲಲ್ಲಿ ತಾಸಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕಾಗುತ್ತದೆ. ಬೆವರಿನಲ್ಲಿ ನೀರಿನೊಡನೆ ಉಪ್ಪೂ ಹೋಗುವುದರಿಂದ ದಿನವಿಡೀ ಬರೀ ನೀರನ್ನೇ ಸುರಿದುಕೊಳ್ಳುವುದೂ ಸರಿಯಲ್ಲ. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆ ಪಾನಕ ಒಳ್ಳೆಯವು. ಓ.ಆರ್.ಎಸ್. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿ. ಪುಡಿ ಸಿಕ್ಕರೆ ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಹಾಕುವುದು ಅಪಾಯ. ನದಿ, ಕೆರೆಯ ನೀರನ್ನು ಕುದಿಸದೆ ಅಥವಾ ಕ್ಲೋರಿನ್ ಮಾತ್ರೆ ಹಾಕದೆ ಕುಡಿಯಬೇಡಿ.

ನೀರು ಸಾಕಾಯಿತೇ ಎಂಬುದನ್ನು ಮೂತ್ರವೇ ಹೇಳುತ್ತದೆ. ತಿಳಿಹಳದಿ ಇದ್ದರೆ ಸರಿ. ಗಾಢವಾಗಿದ್ದರೆ, ಆರು ತಾಸಾದರೂ ಮೂತ್ರ ಬಾರದಿದ್ದರೆ ಅಂದಿನ ನಡಿಗೆ ನಿಲ್ಲಿಸಿ.

ತಲೆನೋವು, ತಲೆಸುತ್ತು, ವಾಂತಿ, ಸ್ನಾಯುಸೆಳೆತ ಬಿಸಿಲಿನ ಮೊದಲ ಎಚ್ಚರಿಕೆಗಳು. ನೆರಳಿಗೆ ಬಂದು ಮಲಗಿ, ಉಪ್ಪು-ಸಕ್ಕರೆ ನೀರು ಕುಡಿದರೆ ಸುಧಾರಿಸುತ್ತದೆ. ಆದರೆ ಮೈ ಕಾದು, ಮಾತು ತೊದಲಿ, ಏನೇನೋ ಬಡಬಡಿಸಲು ಅಥವಾ ತೂರಾಡಲು ಶುರುವಾದರೆ ಅದು ಬಿಸಿಲಾಘಾತ. ಮೈ ಒಣಗಿಯೇ ಇರಬೇಕೆಂದಿಲ್ಲ, ಬೆವರುತ್ತಿದ್ದರೂ ಅದಾಗಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವುದನ್ನು ಕಾಯುತ್ತ ಸುಮ್ಮನಿರಬೇಡಿ. ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಜೋರಾಗಿ ಗಾಳಿ ಬೀಸಿ. ಮಂಜುಗಡ್ಡೆ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಆ ಮೊದಲ ಅರ್ಧ ತಾಸಿನಲ್ಲಿ ಮೈ ತಣಿಸಿದವರೇ ಜೀವ ಉಳಿಸುವವರು.

ಊಟ, ಔಷಧ

ನಮ್ಮ ಭಾಗದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಉಂಡಿ ದಾರಿಗೆ ಹೇಳಿ ಮಾಡಿಸಿದಂಥವು. ಬೇಗ ಕೆಡುವುದಿಲ್ಲ, ಬಲವನ್ನೂ ಕೊಡುತ್ತವೆ. ದಾರಿಬದಿ ಬಹಳ ಹೊತ್ತು ತೆರೆದಿಟ್ಟ ಅನ್ನ, ಕತ್ತರಿಸಿಟ್ಟ ಹಣ್ಣು, ಮೇಲಿಂದ ಮೇಲೆ ಕಾಯಿಸಿದ ಎಣ್ಣೆಯ ಮಿರ್ಚಿ ಬಜಿ ದೂರವಿರಲಿ. ಇಡೀ ದಿನ ಉಪವಾಸವಿದ್ದು ನಡೆಯುವುದು ಯಾರಿಗೂ ಒಳ್ಳೆಯದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಅಪಾಯ.

ಹೆಚ್ಚು ನಡೆದಾಗ ರಕ್ತದ ಸಕ್ಕರೆ ತಾನಾಗಿ ಇಳಿಯುತ್ತದೆ. ಅದರ ಮೇಲೆ ಎಂದಿನ ಪ್ರಮಾಣದ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಬಿದ್ದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಕೂಡಲೇ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಬಾಯಿಗೆ ಹಾಕಿಕೊಂಡು ಕೂರಬೇಕು, ಆಮೇಲೆ ಏನಾದರೂ ತಿನ್ನಬೇಕು. ಇನ್ಸುಲಿನ್ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಮಣ್ಣಿನ ಕುಡಿಕೆಯಲ್ಲಿಟ್ಟರೆ ತಂಪಾಗಿರುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೇಗ ಬಳಲುತ್ತಾರೆ. ಇಂಥ ಔಷಧಗಳನ್ನು ತಾವಾಗಿ ಬಿಡುವುದೂ ಬೇಡ, ಕಡಿಮೆ ಮಾಡುವುದೂ ಬೇಡ. ಹೊರಡುವ ಮೊದಲು ವೈದ್ಯರಿಂದ ಬರೆಸಿಕೊಳ್ಳಿ.

ಮೈಕೈ ನೋವಿಗೆ ಡೈಕ್ಲೋಫಿನಾಕ್‌ನಂಥ ಮಾತ್ರೆಗಳನ್ನು ಪ್ರತಿದಿನ ನುಂಗುತ್ತ ನಡೆಯುವವರಿದ್ದಾರೆ. ಮೈಯಲ್ಲಿ ನೀರು ಕಡಿಮೆಯಾದಾಗ ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಅಗತ್ಯವಿದ್ದರೆ ಪ್ಯಾರಾಸಿಟಮಾಲ್ ಸಾಕು. ಮಾತ್ರೆ ನುಂಗದೆ ನಡೆಯಲಾಗದು ಎಂದಾದರೆ ಕಾಲು ವಿಶ್ರಾಂತಿ ಕೇಳುತ್ತಿದೆ ಎಂದು ಅರ್ಥ.

ಹೆಣ್ಣುಮಕ್ಕಳಿಗೆ ಒಂದು ಮಾತು

ದಾರಿಯಲ್ಲಿ ಶೌಚಕ್ಕೆ ಮರೆ ಸಿಗುವುದಿಲ್ಲವೆಂದು ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ನಡೆಯುತ್ತಾರೆ. ಇದರಿಂದ ಉರಿಮೂತ್ರ, ಜ್ವರ ಬರುವುದಲ್ಲದೆ ಬಿಸಿಲಾಘಾತದ ಅಪಾಯವೂ ಹೆಚ್ಚುತ್ತದೆ. ಇದು ಅವರೊಬ್ಬರ ಸಮಸ್ಯೆಯಲ್ಲ, ತಂಡದ ಹಿರಿಯರ ಜವಾಬ್ದಾರಿ. ಶಾಲೆ, ಮಠ, ಪೆಟ್ರೋಲ್ ಬಂಕ್ ಎಲ್ಲೆಲ್ಲಿವೆ ಎಂದು ಮೊದಲೇ ತಿಳಿದು, ಎರಡು ಮೂರು ತಾಸಿಗೊಮ್ಮೆ ಅಂಥಲ್ಲೇ ತಂಡವನ್ನು ನಿಲ್ಲಿಸಬೇಕು. ಮುಟ್ಟಿನ ದಿನಗಳಿಗೆ ಬೇಕಾದ ಬಟ್ಟೆ, ಪ್ಯಾಡುಗಳು ಚೀಲದಲ್ಲಿರಲಿ. ಬಿಸಿಲಲ್ಲಿ ನಾಲ್ಕಾರು ತಾಸಿಗೊಮ್ಮೆ ಬದಲಿಸಬೇಕು.

ರಸ್ತೆ ಮತ್ತು ಕಾಡು

ಹೆದ್ದಾರಿಗಿಂತ ಹಳ್ಳಿಯ ದಾರಿ ಯಾವಾಗಲೂ ಮೇಲು. ರಸ್ತೆಯಲ್ಲಿ ನಡೆಯಲೇಬೇಕಾದಾಗ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ನಡೆಯಿರಿ. ನಸುಕಿನಲ್ಲಿ ಬಿಳಿ ಬಟ್ಟೆ, ಬೆನ್ನ ಮೇಲೆ ಹೊಳೆಯುವ ಪಟ್ಟಿ, ಮುಂದಿನವರ ಹಾಗೂ ಕೊನೆಯವರ ಕೈಯಲ್ಲಿ ಬ್ಯಾಟರಿ ಇರಲಿ. ರಸ್ತೆಯ ಅಂಚಿನಲ್ಲಿ, ನಿಂತ ಲಾರಿಯ ಕೆಳಗೆ ಮಲಗಬೇಡಿ.

ಶ್ರೀಶೈಲಕ್ಕೆ ಹೋಗುವವರು ಆತ್ಮಕೂರು ದಾಟಿದ ಮೇಲೆ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳದ ಮೂಲಕ ಕೈಲಾಸದ್ವಾರ ಸೇರುತ್ತಾರೆ. ಇದು ನಲ್ಲಮಲ ಬೆಟ್ಟಗಳ ಹುಲಿ ಸಂರಕ್ಷಿತ ಅರಣ್ಯ. ಅರಣ್ಯ ಇಲಾಖೆ ಬಿಟ್ಟ ದಿನಗಳಲ್ಲಿ ಮಾತ್ರ, ಗುಂಪಿನಲ್ಲೇ, ಹಗಲಲ್ಲೇ ನಡೆಯಬೇಕು. ಭೀಮನ ಕೊಳ್ಳದ ಇಳಿತ ಮತ್ತು ಏರು ಇಡೀ ಯಾತ್ರೆಯಲ್ಲೇ ಕಠಿಣ. ದಣಿದ ಕಾಲಿಗೆ ಅದು ಕೊನೆಯಲ್ಲಿ ಎದುರಾಗುತ್ತದೆ. ಮಂಡಿನೋವು, ಎದೆನೋವು, ಉಬ್ಬಸ ಇರುವವರು ಇಲ್ಲಿ ಕಾಡುದಾರಿ ಬಿಟ್ಟು ಬಸ್ಸಿನಲ್ಲೇ ಹೋಗುವುದು ಕ್ಷೇಮ. ಕಾಡಿನೊಳಗೆ ಯಾರಾದರೂ ಕುಸಿದರೆ ಆಂಬುಲೆನ್ಸ್ ಬರಲು ಬಹಳ ಹೊತ್ತು ಬೇಕು, ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳೂ ಇವೆ.

ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಬೇಡ. ಆ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ನಾಯಿ ಕಚ್ಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅಂದೇ ಹತ್ತಿರದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಆರಂಭಿಸಬೇಕು. ಊರಿಗೆ ಮರಳಿದ ಮೇಲೆ ನೋಡೋಣ ಎನ್ನಬಾರದು.

ಚೀಲದಲ್ಲಿರಲಿ

- ಎರಡು ಲೀಟರ್ ನೀರು ಹಿಡಿಯುವ ಬಾಟಲಿ, ಓ.ಆರ್.ಎಸ್. ಪುಡಿ, ಕ್ಲೋರಿನ್ ಮಾತ್ರೆ
- ಪ್ಲಾಸ್ಟರ್ ಪಟ್ಟಿ, ಹತ್ತಿ, ಬ್ಯಾಂಡೇಜು, ವ್ಯಾಸಲೀನ್, ಗಾಯಕ್ಕೆ ಹಚ್ಚುವ ಮುಲಾಮು, ಸೋಪು
- ಪ್ಯಾರಾಸಿಟಮಾಲ್ ಮತ್ತು ದಿನವೂ ತೆಗೆದುಕೊಳ್ಳುವ ಔಷಧ, ನಾಲ್ಕೈದು ದಿನಕ್ಕೆ ಹೆಚ್ಚಾಗಿ
- ಮೂರು ಜೊತೆ ಕಾಲುಚೀಲ, ತಲೆಗೆ ವಸ್ತ್ರ, ಬ್ಯಾಟರಿ, ಸಕ್ಕರೆ ಅಥವಾ ಗ್ಲೂಕೋಸ್
- ಹೆಸರು, ಊರು, ಮನೆಯವರ ಫೋನ್ ನಂಬರ್, ಇರುವ ಕಾಯಿಲೆ, ನುಂಗುವ ಮಾತ್ರೆ ಬರೆದ ಚೀಟಿ. ಇದು ಜೇಬಿನಲ್ಲಿರಲಿ

ನಿಲ್ಲಬೇಕಾದದ್ದು ಯಾವಾಗ?

ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ಕೂತರೂ ಇಳಿಯದ ಏದುಸಿರು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಪಾದದ ಗಾಯದಿಂದ ಮೇಲಕ್ಕೆ ಹರಡುವ ಕೆಂಪು, ಜ್ವರ, ಚಹಾ ಬಣ್ಣದ ಮೂತ್ರ, ಗೊಂದಲದ ಮಾತು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಡಿಗೆ ಸಾಕು. ಬಳಿಕ ಬೇಕಾದ್ದು ಆಸ್ಪತ್ರೆ.

ತಂಡದಲ್ಲಿ ಒಬ್ಬರು ನಿಂತರೆ ಉಳಿದವರು 'ಹರಕೆ ಮುರಿಯಿತು' ಎಂದು ಆಡಿಕೊಳ್ಳಬಾರದು. ಆ ಮಾತಿಗೆ ಅಂಜಿಯೇ ಎಷ್ಟೋ ಮಂದಿ ನೋವು ನುಂಗಿ ನಡೆಯುತ್ತಾರೆ. ಹೊರಡುವ ಮುನ್ನವೇ ಎಲ್ಲರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ಯಾರಿಗೆ ಆಗುವುದಿಲ್ಲವೋ ಅವರನ್ನು ಬಸ್ಸು ಹತ್ತಿಸುತ್ತೇವೆ, ಜೊತೆಗೊಬ್ಬರು ಹೋಗುತ್ತಾರೆ, ದರ್ಶನ ಎಲ್ಲರೂ ಕೂಡಿಯೇ ಮಾಡುತ್ತೇವೆ. ಈ ವರ್ಷ ಬಸ್ಸಿನಲ್ಲಿ ಹೋದವರು ಎರಡೂ ಕಾಲು ಗಟ್ಟಿಯಿದ್ದರೆ ಮುಂದಿನ ವರ್ಷ ನಡೆದು ಹೋಗಬಹುದು.